ದೋಣಿಯಲ್ಲಿ ತೂಗಿದ ಸಂಸಾರ

ನಮ್ಮ ಕಾಕಾನ ಎದುರು ಹೆಚ್ಚು ಹೊತ್ತು ಅಲುಗಾಡದೆ ನಿಲ್ಲಬಾರದು. ನಿಂತಿರೋ, ನಿಮ್ಮ ಅಂಗಿಯ ಕಾಲರಿಗೂ ಒಂದು ಕೊಕ್ಕೆ ಸಿಕ್ಕಿಸಿ ಜಂತಿಗೆ ತೂಗುಹಾಕಿಬಿಡುತ್ತಾರೆ! ಇದು ಬರೀ ಉತ್ಪ್ರೇಕ್ಷೆ ಎಂದು ನಿಮಗೆ ಅನ್ನಿಸಿದರೆ ನೀವು ಅವರ ಮನೆಗೆ ಇನ್ನೂ ಹೋಗಿಲ್ಲ ಎಂದರ್ಥ. ಹೋಗಿ ಬಂದವರು ಯಾರೂ ನನ್ನ ಮಾತನ್ನು ಅಲ್ಲಗಳೆದಿಲ್ಲ. ಹಣೆಯ ಮೇಲಿನ ಬುಗುಟಿಯನ್ನು ಸವರಿಕೊಳ್ಳುತ್ತ ಹೌದು ಹೌದು ಎಂದಿದ್ದಾರೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ನವಲಗುಂದ ತಾಲೂಕಿನಲ್ಲಿ ಬೆಣ್ಣೆಹಳ್ಳದ ದಂಡೆಗೆ ಅವರ ಊರು. ಎರೆಹೊಲ, ಮಣ್ಣಿನ ಮಾಳಿಗೆ ಮನೆ, ಒಂದು ಜೋಡಿ ಎತ್ತು, ಹೆಂಡತಿ ಅಂದರೆ ನಮ್ಮ ಕಾಕು, ಮತ್ತು ಒಬ್ಬಳೇ ಮಗಳು. ಇಷ್ಟೇ ಆಗಿದ್ದರೆ ಅವರೂ ಎಲ್ಲರಂತೆ ಒಬ್ಬ ರೈತರಾಗಿ, ಅವರ ಮೇಲೆ ನಾನು ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಕಾಕಾನಿಗೆ ಒಂದು ಸಿದ್ಧಾಂತವಿದೆ. ನೆಲ ಇರುವುದು ನಡೆಯಲಿಕ್ಕೆ ಮತ್ತು ಬಿತ್ತಲಿಕ್ಕೆ. ಸಾಮಾನು ಇಡಲಿಕ್ಕಲ್ಲ! ನೆಲಕ್ಕಿಟ್ಟದ್ದನ್ನು ಇರುವೆ ಮುತ್ತುತ್ತದೆ, ಇಲಿ ಕಡಿಯುತ್ತದೆ, ಮಂದಿ ಎಡವುತ್ತಾರೆ, ಕೊನೆಗೆ ಇಟ್ಟವರೇ ಎಲ್ಲಿಟ್ಟೆವೆಂದು ಮರೆಯುತ್ತಾರೆ. ತೂಗುಹಾಕಿದ್ದು ಮಾತ್ರ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. (ಹಣೆಗೂ ಸಿಗುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ.)

ನೆಲುವು ಯಾರ ಮನೆಯಲ್ಲಿಲ್ಲ ಹೇಳಿ? ಹಾಲು ಬೆಣ್ಣೆ ಬೆಕ್ಕಿಗೆ ಸಿಗದಿರಲಿ ಎಂದು ಎಲ್ಲರೂ ಒಂದು ಹಗ್ಗದ ನೆಲುವು ಕಟ್ಟಿ ಅದರಲ್ಲಿ ಗಡಿಗೆ ಇಡುತ್ತಾರೆ, ಅಲ್ಲಿಗೆ ನಿಲ್ಲುತ್ತಾರೆ. ಕಾಕಾ ನಿಲ್ಲಲಿಲ್ಲ. ಮುರಿದ ಬಂಡಿಯ ಹಳಿ, ಹರಿದ ಸರಪಳಿ, ಸವೆದ ನೇಗಿಲ ಕುಡ, ಕಬ್ಬಿಣವೆಂಬುದು ಯಾವ ರೂಪದಲ್ಲಿ ಕಂಡರೂ ಸರಿ, ಹೊತ್ತುಕೊಂಡು ಕಮ್ಮಾರನ ಕುಲುಮೆಗೆ ನಡೆದುಬಿಡುತ್ತಾರೆ. ಸಂಜೆ ತಿರುಗಿ ಬರುವಾಗ ಹೆಗಲ ಚೀಲ ಝಣಝಣ ಎನ್ನುತ್ತದೆ. ಒಂದು ತುದಿ ಮೇಲಕ್ಕೆ ಬಾಗಿ ಇನ್ನೊಂದು ಕೆಳಕ್ಕೆ ಬಾಗಿದ, ಹೆಡೆಯೆತ್ತಿದ ಹಾವಿನಂಥ ಕೊಕ್ಕೆಗಳು. ಸೂಜಿದಾರದ ಉಂಡೆ ತೂಗುವಂಥ ಸಣ್ಣವು, ಎಮ್ಮೆಯನ್ನೇ ತೂಗುಹಾಕಬಹುದಾದಂಥ ದೊಡ್ಡವು. ಮೇಲಿನ ಬಾಯಿ ಜಂತಿಗೆ, ಕೆಳಗಿನ ಬಾಯಿ ಸಾಮಾನಿಗೆ. ಮೊಳೆ ಬೇಡ, ಗಂಟು ಬೇಡ, ಎತ್ತಿದರೆ ಕೈಗೆ ಬಂತು.

ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ನೌಕರಿಯ ಕರೆ ಕಾಯುತ್ತಿದ್ದ ನನ್ನನ್ನು ಅಪ್ಪ, ಸುಮ್ಮನೆ ಕೂಡುವುದಕ್ಕಿಂತ ಒಕ್ಕಲುತನವನ್ನಾದರೂ ಕಲಿ ಎಂದು ಕಾಕಾನಲ್ಲಿಗೆ ಕಳಿಸಿದರು. ಒಕ್ಕಲುತನ ನನಗೆ ಹತ್ತಲಿಲ್ಲ. ಬಾಗಿ ನಡೆಯುವುದನ್ನು ಮಾತ್ರ ಚೆನ್ನಾಗಿ ಕಲಿತೆ. ಪಡಸಾಲೆಯಲ್ಲಿ ಬಾರುಕೋಲು, ಕಂಬಳಿ, ಕಂದೀಲು, ಬೀಜಕ್ಕಿಟ್ಟ ಜೋಳದ ತೆನೆ. ಅಡುಗೆಮನೆಯಲ್ಲಿ ರೊಟ್ಟಿ ಬುಟ್ಟಿ, ಬೆಳ್ಳುಳ್ಳಿ, ಜರಡಿ, ಒನಕೆ. ಹೌದು, ಒನಕೆಯೂ! ಹೊಸಬರು ಯಾರೇ ಬಂದರೂ ಬಾಗಿಲಿನಿಂದ ಹಿತ್ತಲತನಕ ತಲೆ ತಗ್ಗಿಸಿಯೇ ನಡೆಯುವುದರಿಂದ, ಆ ಮನೆಗೆ ಹೋದವರೆಲ್ಲ ಬಹಳ ವಿನಯವಂತರಾಗುತ್ತಾರೆ ಎಂಬ ಮಾತು ಊರಲ್ಲಿ ಹುಟ್ಟಿತು.

ಕಾಕು ಮೊದಮೊದಲು ಜಗಳ ಮಾಡಿ ನೋಡಿದಳಂತೆ. ರೊಟ್ಟಿ ಬುಟ್ಟಿಗೆ ಕೈ ನಿಲುಕದೆ ಮಣೆ ಹಾಕಿಕೊಂಡು ಹತ್ತುವುದು, ಉಪ್ಪು ತೆಗೆಯಲು ಹೋದರೆ ಮೆಣಸಿನಕಾಯಿ ತಲೆಯ ಮೇಲೆ ಸುರಿಯುವುದು, ಇದೆಲ್ಲ ಯಾರಿಗೆ ಬೇಕು? ಒಂದು ದಿನ ನನ್ನೆದುರೇ ಕೇಳಿಬಿಟ್ಟಳು.

"ಅಲ್ರೀ, ಇದು ಮನೀನೋ, ಹುಬ್ಬಳ್ಳಿ ಬಾಂಡೆ ಅಂಗಡೀನೋ?"

ಕಾಕಾ ಉತ್ತರಕ್ಕೆ ಮೊದಲು ಅಂಗಿಯ ಗುಂಡಿ ಬಿಚ್ಚಿದರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಹೊರತೆಗೆದು ತೋರಿಸಿದರು.

"ದೇವರನ್ನ ಕೊಳ್ಳಾಗ ತೂಗ ಹಾಕ್ಕೊಂಡು ಅಡ್ಡಾಡೋ ಮಂದಿ ನಾವು. ದೇವರನ್ನ ನೆಲಕ್ಕಿಡಂಗಿಲ್ಲ, ನಿನ್ನ ಡಬರಿ ಯಾಕ ಇಡಬೇಕು?"

ಕಾಕು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ದೇವರು ಒಬ್ಬಾಂವ ಅದಾನ. ಡಬರಿ ಭಾಳ ಅದಾವು," ಅಂದಳು.

ಧರ್ಮಚರ್ಚೆ ಅಲ್ಲಿಗೆ ಮುಗಿಯಿತು. ಪಾತ್ರೆ ಡಬರಿಗಳು ಇದ್ದಲ್ಲೇ ತೂಗುತ್ತ ಉಳಿದವು.

ಮನೆಯಲ್ಲಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಾಕಾನ ಕಿಸೆಯಲ್ಲಿ ಸದಾ ಹಿಡಿಯಷ್ಟು ಸಣ್ಣ ಕೊಕ್ಕೆಗಳು ಇರುತ್ತವೆ. ಬೇರೆಯವರು ಪ್ರವಾಸಕ್ಕೆ ಹೊರಟಾಗ ಎಲೆಯಡಿಕೆ ಮರೆತಿಲ್ಲವಲ್ಲ ಎಂದು ಕಿಸೆ ಮುಟ್ಟಿ ನೋಡಿಕೊಳ್ಳುವಂತೆ ಇವರು ಕೊಕ್ಕೆ ಮುಟ್ಟಿ ನೋಡಿಕೊಳ್ಳುತ್ತಾರೆ. ಒಮ್ಮೆ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ಬಸ್ಸು ಊರು ಬಿಡುವುದರೊಳಗೆ ಅವರ ಚೀಲ, ಛತ್ರಿ, ಬುತ್ತಿಗಂಟು ಎಲ್ಲವೂ ಮೇಲಿನ ಕಂಬಿಗೆ ಏರಿದ್ದವು. ಕೊನೆಗೆ ಕಾಲಲ್ಲಿದ್ದ ಚಪ್ಪಲಿಯನ್ನೂ ಏರಿಸಿದರು. ಬಾಜೂ ಕುಳಿತವರು ನೋಡಿದರು, ತಮಗೂ ಒಂದು ಕೊಡಿ ಎಂದರು. ಕಾಕಾನಿಗೆ ಇಷ್ಟು ಸಾಕಲ್ಲ! ಅರ್ಧ ದಾರಿ ದಾಟುವುದರೊಳಗೆ ಇಡೀ ಬಸ್ಸು ತೂಗಲಾರಂಭಿಸಿತು. ಅಷ್ಟರಲ್ಲಿ ಕಂಡಕ್ಟರ್ ಮಂದಿಯನ್ನು ಸರಿಸುತ್ತ ಬಂದರು. ಅವರ ಹೆಗಲ ಚೀಲದ ಪಟ್ಟಿ ಒಂದು ಖಾಲಿ ಕೊಕ್ಕೆಗೆ ಸಿಕ್ಕಿದ್ದು ಅವರಿಗೆ ಗೊತ್ತಾಗಲಿಲ್ಲ. ಡ್ರೈವರ್ ಯಾವುದೋ ಎಮ್ಮೆ ಅಡ್ಡ ಬಂತೆಂದು ಬ್ರೇಕ್ ಹಾಕಿದರು. ಕಂಡಕ್ಟರ್ ಮುಂದೆ ಹೋದರು, ಚೀಲ ಹಿಂದೆಯೇ ಉಳಿಯಿತು.

ಅವರು ಕಣ್ಣು ಕೆಂಪಗೆ ಮಾಡಿಕೊಂಡು ತಿರುಗಿ ಬಂದಾಗ ಕಾಕಾ ಸಮಾಧಾನದಿಂದ, "ನೋಡ್ರಿ, ನೀವು ಹೋದ್ರೂ ಚೀಲ ಎಲ್ಲೂ ಹೋಗಿಲ್ಲ," ಅಂದರು. ಬೈಗುಳ ಕೇಳಲು ನಾನು ಸಿದ್ಧನಾಗಿ ಕುಳಿತಿದ್ದೆ. ಆದರೆ ಹುಬ್ಬಳ್ಳಿಯಲ್ಲಿ ಇಳಿಯುವಾಗ ಆ ಕಂಡಕ್ಟರ್ ಕಾಕಾನನ್ನು ಬದಿಗೆ ಕರೆದು, ಯಾರಿಗೂ ಕೇಳದ ಹಾಗೆ, ತಮಗೊಂದು ಸಿಗಬಹುದೇ ಎಂದು ವಿಚಾರಿಸಿದರು!

ಮಗಳ ಮದುವೆ ಕೂಡಿದ್ದೂ ಕೊಕ್ಕೆಯಿಂದಲೇ ಎಂದರೆ ನಂಬುತ್ತೀರಾ? ಹಳ್ಳದ ಆಚೆ ದಂಡೆಯ ಊರಿನಿಂದ ಗಂಡಿನ ತಂದೆ ಹೆಣ್ಣು ನೋಡಲು ಬಂದಿದ್ದರು. ಗಂಭೀರ ಮನುಷ್ಯ. ಅಚ್ಚ ಬಿಳಿಯ ರುಮಾಲು ಸುತ್ತಿದ್ದರು. ಅವಲಕ್ಕಿ ತಿಂದರು, ಚಹಾ ಕುಡಿದರು, ಒಪ್ಪಿಗೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಮನೆಯಲ್ಲಿ ಕೇಳಿ ತಿಳಿಸುತ್ತೇವೆ ಎಂದು ಎದ್ದು ಹೊರಟೇಬಿಟ್ಟರು. ಆದರೆ ಜಂತಿಯ ಕೊಕ್ಕೆಯೊಂದು ಅವರ ರುಮಾಲಿನ ತುದಿಯನ್ನು ಹಿಡಿದುಕೊಂಡಿತ್ತು. ಅವರು ಬಾಗಿಲತ್ತ ನಡೆದಂತೆ ರುಮಾಲು ಸುತ್ತು ಸುತ್ತಾಗಿ ಬಿಚ್ಚುತ್ತ ಹೋಗಿ, ಹೊಸ್ತಿಲ ಬಳಿ ಬೋಳುತಲೆ ಬಯಲಾಯಿತು. ರುಮಾಲು ಬಿದ್ದರೆ ಮಾನ ಹೋದಂತೆ ಎನ್ನುವ ಸೀಮೆ ನಮ್ಮದು. ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಳಗೆ ಬಾಗಿಲ ಸಂದಿಯಲ್ಲಿ ನಿಂತ ನನ್ನ ತಂಗಿ, ಅಂದರೆ ಕಾಕಾನ ಮಗಳು, ಬಾಗಿಲನ್ನೇ ಎಳೆದುಕೊಂಡಳು.

ಕಾಕಾ ಮಾತ್ರ, "ಬೀಗರ, ನಿಮ್ಮ ರುಮಾಲಿಗೆ ನಮ್ಮನಿ ಬಿಟ್ಟು ಹೋಗಾಕ ಮನಸಿಲ್ಲ ನೋಡ್ರಿ," ಅಂದರು.

ಇನ್ನೂ ಮಾತೇ ಆಗಿಲ್ಲ, ಆಗಲೇ ಬೀಗರು! ಆ ಗಂಭೀರ ಮನುಷ್ಯ ಜಂತಿಯನ್ನು ನೋಡಿದರು, ತೂಗುತ್ತಿದ್ದ ರುಮಾಲನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ತಿರುಗಿ ಬಂದು ಕುಳಿತು ಇನ್ನೊಂದು ಕಪ್ ಚಹಾ ತರಿಸಿಕೊಂಡರು. ಅದು ಮುಗಿಯುವುದರೊಳಗೆ ಮದುವೆ ಗಟ್ಟಿಯಾಗಿತ್ತು.

ಹೀಗೆ ತಂಗಿ ಹಳ್ಳದ ಆಚೆಗೆ ಹೋದಳು. ಮತ್ತು ಅದರಿಂದಲೇ ಕಾಕಾನ ತಲೆಯಲ್ಲಿ ದೋಣಿ ಹುಟ್ಟಿತು.

ನಮ್ಮ ಕಡೆಯ ಹಳ್ಳಗಳ ಹೆಸರು ಕೇಳಿದರೆ ಹೊಸಬರ ಬಾಯಲ್ಲಿ ನೀರೂರುತ್ತದೆ. ಒಂದು ಬೆಣ್ಣೆಹಳ್ಳ, ಇನ್ನೊಂದು ತುಪ್ಪರಿಹಳ್ಳ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಬೆಣ್ಣೆಯೂ ಇಲ್ಲ, ತುಪ್ಪವೂ ಇಲ್ಲ, ಕೈ ತೊಳೆಯಲು ನೀರೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಬೆಣ್ಣೆಹಳ್ಳ ದಂಡೆ ನುಂಗುತ್ತದೆ. ಆಗ ಆಚೆ ಊರಿಗೆ ಹೋಗಬೇಕಾದರೆ ಎಲ್ಲೋ ದೂರದ ಸೇತುವೆ ಸುತ್ತಬೇಕು. ಬಸ್ಸು ಬಂದರೆ ಬಂತು. ಕಾಕಾನ ಹೊಲದ ಒಂದು ತುಂಡು ಆಚೆಗಿತ್ತು. ಅದೊಂದೇ ಇದ್ದಾಗ ಅವರು ಪ್ರತಿ ಮಳೆಗಾಲ ತಡೆದುಕೊಂಡಿದ್ದರು. ಮಗಳೂ ಆಚೆಗಾದ ಮೇಲೆ ತಡೆಯಲಾಗಲಿಲ್ಲ. ಮಲಪ್ರಭೆಯ ದಂಡೆಯಿಂದ ಒಂದು ಹಳೆಯ ಕಟ್ಟಿಗೆಯ ದೋಣಿ ಕೊಂಡು, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೇರಿಸಿ ಊರಿಗೆ ತಂದರು. ಎರೆನಾಡಿನಲ್ಲಿ ದೋಣಿ! ಮೊರಬದ ಕಡೆಯಿಂದಲೂ ಮಂದಿ ನೋಡಲು ಬಂದರು. ಅದು ಬಂದದ್ದು ಬೇಸಿಗೆಯಲ್ಲಿ. ಒಣಗಿದ ಹಳ್ಳದಲ್ಲಿ ಅದು ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿರುತ್ತಿತ್ತು, ಅದರ ನೆರಳಲ್ಲಿ ಊರ ನಾಯಿಗಳು ಮಲಗಿರುತ್ತಿದ್ದವು. ನೀರು ಯಾವಾಗ ತರಸ್ತೀರಿ ಎಂದು ಕೇಳಿದವರಿಗೆ ಲೆಕ್ಕವಿಲ್ಲ.

ದೋಣಿಯ ತಳ ಎಷ್ಟು ಡಾಂಬರು ಬಳಿದರೂ ಜಿನುಗುತ್ತಿತ್ತು. ಬೇರೆಯವರಾಗಿದ್ದರೆ ಮೋಸಹೋದೆ ಎಂದು ಮರುಗುತ್ತಿದ್ದರು. ಕಾಕಾ ಕುಣಿದಾಡಿದರು. ಅವರ ಸಿದ್ಧಾಂತಕ್ಕೆ ಅಷ್ಟು ವರ್ಷದ ಮೇಲೆ ತಕ್ಕ ಮನೆ ಸಿಕ್ಕಿತ್ತಲ್ಲ! ನೆಲಕ್ಕೆ ಏನನ್ನೂ ಇಡಲು ಬರದ ಮನೆ. ದೋಣಿಯ ಎರಡೂ ತುದಿಗೆ ಗೂಟ ನಿಲ್ಲಿಸಿ, ಮೇಲೆ ಉದ್ದಕ್ಕೆ ಒಂದು ಬಿದಿರ ಗಳ ಕಟ್ಟಿದರು. ಅದರ ತುಂಬ ಕೊಕ್ಕೆ. ನೀರು ಗೋರಿ ಹಾಕುವ ತಂಬಿಗೆಗೆ ಒಂದು, ಕಂದೀಲಿಗೆ ಒಂದು, ಹಗ್ಗದ ಸುರುಳಿ, ಕೊಡಲಿ, ಬುತ್ತಿ, ಛತ್ರಿ ಎಲ್ಲಕ್ಕೂ ಅದರದರ ಜಾಗ. ಕತ್ತಲಲ್ಲಿ ಕೈಚಾಚಿದರೂ ಬೇಕಾದದ್ದೇ ಸಿಗುತ್ತಿತ್ತು. ಇಷ್ಟು ದಿನ ನಕ್ಕ ನಾನೂ ಆ ಅಚ್ಚುಕಟ್ಟು ನೋಡಿ ಮೆಚ್ಚಿದೆ. ಹಳ್ಳಕ್ಕೆ ಅಡ್ಡವಾಗಿ ಈ ದಂಡೆಯ ಬೇವಿನ ಗಿಡದಿಂದ ಆ ದಂಡೆಯ ಜಾಲಿ ಗಿಡಕ್ಕೆ ದಪ್ಪ ಹಗ್ಗ ಬಿಗಿದರು. ದೋಣಿಯನ್ನು ಎರಡು ದೊಡ್ಡ ಕೊಕ್ಕೆಗಳಿಂದ ಆ ಹಗ್ಗಕ್ಕೇ ಸಿಕ್ಕಿಸಿದರು. ಹುಟ್ಟು ಹಾಕುವುದು ಬೇಕಿಲ್ಲ. ನಿಂತು ಹಗ್ಗ ಜಗ್ಗುತ್ತ ಹೋದರೆ ದೋಣಿ ಆಚೆ ಮುಟ್ಟುತ್ತಿತ್ತು. ಕೊಕ್ಕೆಗೆ ಕೊಕ್ಕೆ ತೂಗಿ, ಕೊನೆಗೆ ದೋಣಿಯನ್ನೇ ತೂಗಿಬಿಟ್ಟರು!

ಒಂದೇ ಒಂದು ಅನುಮಾನ ನನ್ನನ್ನು ಕಾಡುತ್ತಿತ್ತು. ಕಾಲೇಜಿನಲ್ಲಿ ಓದಿದ್ದು ಅಷ್ಟಿಷ್ಟು ನೆನಪಿತ್ತು. ಭಾರವೆಲ್ಲ ಹೀಗೆ ಮೇಲೇ ಇದ್ದರೆ ದೋಣಿ ಮಗುಚಲು ಹೊತ್ತು ಬೇಕಿಲ್ಲ ಎಂದು ಕಾಕಾನಿಗೆ ಹೇಳಿದೆ.

"ತಮ್ಮಾ, ಜ್ವಾಳದ ಕಣಿಕಿ ಹೇರಿದ ಬಂಡಿ ಎಷ್ಟು ಎತ್ತರ ಇರತೈತಿ? ಬೀಳತೈತೇನು?" ಎಂದು ಕೇಳಿದರು.

"ಹೋದ ಸುಗ್ಗ್ಯಾಗ ನಿಮ್ಮ ಮ್ಯಾಲೇ ಬಿತ್ತಲ್ಲರಿ," ಎಂದು ಕಾಕು ಒಳಗಿನಿಂದ ನೆನಪಿಸಿದಳು.

"ಅದು ಎತ್ತಿನ ತಪ್ಪು," ಅಂದರು ಕಾಕಾ. ದೋಣಿಗೆ ಎತ್ತು ಇಲ್ಲವಾದ್ದರಿಂದ ವಾದ ಅಲ್ಲಿಗೆ ಮುಗಿದಂತಾಯಿತು.

ಇಲ್ಲಿಯವರೆಗಿನದನ್ನು ನಾನು ಎಷ್ಟು ಮಂದಿಗೆ ಹೇಳಿ ನಗಿಸಿದ್ದೇನೋ. ಇನ್ನು ಮುಂದಿನದನ್ನು ಯಾರಿಗೂ ನಗುತ್ತ ಹೇಳಿಲ್ಲ. ಹೋದ ಶ್ರಾವಣದ ಮಾತಿದು. ಈಗಲೂ ಬಸ್ಸಿನಲ್ಲಿ ಯಾರದೋ ಚೀಲ ಕಂಬಿಯಿಂದ ಒಂದು ಬದಿಗೆ ವಾಲಿದರೆ ಸಾಕು, ನನ್ನ ಎರಡೂ ಕೈ ತಾವೇ ಎದ್ದು ಹಗ್ಗ ಹುಡುಕುತ್ತವೆ.

ತಂಗಿ ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಅದಕ್ಕೆ ಐದನೆಯ ತಿಂಗಳು ನಡೆಯುವಾಗ ಗಂಡನ ಮನೆಗೆ ಕಳಿಸಲು ಶ್ರಾವಣದ ಒಂದು ಸೋಮವಾರ ಗೊತ್ತಾಯಿತು. ಕೂಸಿನ ಜೊತೆ ತೊಟ್ಟಿಲು ಕಳಿಸಬೇಕಾದದ್ದು ತವರಿನ ರೂಢಿ. ಕಾಕಾ ತಾವೇ ಕಲಘಟಗಿಗೆ ಹೋಗಿ, ನೋಡಿದವರು ಕಣ್ಣು ಕೀಳಲಾರದಂಥ ತೊಟ್ಟಿಲು ತಂದಿದ್ದರು. ಕೆಂಪು, ಹಳದಿ, ಹಸಿರು ಅರಗಿನ ಬಣ್ಣ, ಸುತ್ತ ಹೂಬಳ್ಳಿ, ಅಂಚಿಗೆ ಸಾಲು ಗಿಳಿಗಳು. ಬೀಗರು ಆಚೆ ದಂಡೆಗೆ ಬಂಡಿ ತಂದು ಕಾಯುವುದೆಂದು ಮಾತಾಗಿತ್ತು.

ಆ ದಿನ ಮಧ್ಯಾಹ್ನ ಬಿಸಿಲು ಬಿದ್ದಿತ್ತು. ನಮ್ಮ ಕಡೆ ಮೋಡದ ತುಣುಕೂ ಇರಲಿಲ್ಲ. ಹಳ್ಳ ಕೆಂಪಗೆ ಹರಿಯುತ್ತಿದ್ದರೂ ದಂಡೆಯೊಳಗೇ ಇತ್ತು. ಮೇಲೆ ಕುಂದಗೋಳದ ಕಡೆ ಹಿಂದಿನ ದಿನ ಮಳೆ ಹೊಡೆದದ್ದು ನಮಗೆ ಹೇಗೆ ಗೊತ್ತಾಗಬೇಕು?

ದೋಣಿಗೆ ಸಾಮಾನು ಏರಿತು, ಅಂದರೆ ತೂಗಿತು. ಬಟ್ಟೆಯ ಟ್ರಂಕು, ಹಿತ್ತಾಳೆ ಕೊಡ, ಶೇಂಗಾ ಹೋಳಿಗೆ ಮತ್ತು ಉಂಡಿಗಳ ಬುಟ್ಟಿ, ಬೀಗರ ಮನೆಯವರಿಗೆಲ್ಲ ಕೊಡುವ ಸೀರೆ ಕುಪ್ಪಸದ ಗಂಟು. ಉಳಿದದ್ದು ತೊಟ್ಟಿಲು. ಅದನ್ನು ತಳದಲ್ಲಿ ಇಟ್ಟುಬಿಡೋಣ ಎಂದೆ. ತಳದಲ್ಲಿ ನೀರಿದೆ, ಅರಗಿನ ಬಣ್ಣ ಹೋಗುತ್ತದೆ ಎಂದರು ಕಾಕಾ. ಸರಿಯೇ. ಹಾಗಾಗಿ ತೊಟ್ಟಿಲನ್ನೂ ಗಳಕ್ಕೆ ತೂಗಿದರು, ತಲೆಯ ಕಡೆ ಒಂದು ಕೊಕ್ಕೆ, ಕಾಲ ಕಡೆ ಒಂದು. ಅದು ಮೆಲ್ಲಗೆ ತೂಗಾಡತೊಡಗಿತು. ದಂಡೆಯ ಮೇಲೆ ನಿಂತ ಕಾಕು ಹೌಹಾರಿದಳು. ಖಾಲಿ ತೊಟ್ಟಿಲು ತೂಗಬಾರದು, ಕೂಸಿಗೆ ಕೇಡು. ಇದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ದೋಣಿಯಲ್ಲಿ ತೂಗುಬಿಟ್ಟದ್ದು ತೂಗದೆ ಇರುತ್ತದೆಯೇ? ಹಾಗಾದರೆ ಖಾಲಿ ಬೇಡ, ಹೆಸರಿಡುವ ದಿನ ಹಾಕುವ ಹಾಗೆ ಒಂದು ಗುಂಡಕಲ್ಲು ಹಾಕೋಣ ಎಂದು ನಾನು ಉಪಾಯ ಹೇಳಿದೆ.

"ಮುಂದ ಕೂಸು ಇರಬೇಕಾದ್ರ ತೊಟ್ಟಲಾಗ ಕಲ್ಲು ಯಾಕ ಹಾಕಸ್ತಿಯೋ ತಮ್ಮಾ," ಎಂದು ಕಾಕು ನನ್ನ ಓದನ್ನೆಲ್ಲ ಒಂದು ನೋಟದಲ್ಲಿ ತೂಗಿದಳು.

ಕೂಸನ್ನು ತೊಟ್ಟಿಲಿಗೆ ಹಾಕಿದರು. ಒಂದೊಂದೇ ಮಾತು ಬಿಡಿಸಿ ನೋಡಿ, ಯಾರದು ತಪ್ಪು? ಜಿನುಗುವ ದೋಣಿಯಲ್ಲಿ ಸಾಮಾನು ತೂಗುಹಾಕುವುದು ಸರಿ. ಬಣ್ಣದ ತೊಟ್ಟಿಲು ನೀರಲ್ಲಿ ಇಡದಿರುವುದು ಸರಿ. ಖಾಲಿ ತೊಟ್ಟಿಲು ತೂಗಬಾರದೆಂಬ ಅಜ್ಜಿಯ ಭಯವೂ ಸರಿಯೇ. ಇಷ್ಟೆಲ್ಲ ಸರಿಗಳು ಕೂಡಿ, ಐದು ತಿಂಗಳ ಕೂಸೊಂದು ಕೆಂಪು ನೀರಿನ ಮೇಲೆ ಎರಡು ಕೊಕ್ಕೆಗಳ ಆಧಾರದಲ್ಲಿ ತೂಗುತ್ತ ಹೊರಟಿತು!

ಮುಂದೆ ಕಾಕಾ, ಹಿಂದೆ ನಾನು, ಇಬ್ಬರೂ ನಿಂತು ಹಗ್ಗ ಜಗ್ಗುತ್ತಿದ್ದೆವು. ತಂಗಿ ನಡುವಿನ ಹಲಗೆಯ ಮೇಲೆ ತೊಟ್ಟಿಲಿಗೆ ಒಂದು ಕೈ ಕೊಟ್ಟು ಕುಳಿತಿದ್ದಳು. ಕೂಸು ಗಿಳಿಗಳನ್ನು ನೋಡುತ್ತ ಕಾಲು ಬಡಿಯುತ್ತಿತ್ತು. ಕಾಕಾ ಲಹರಿಯಲ್ಲಿದ್ದರು. ಇಂಥ ಸುಖದ ತೊಟ್ಟಿಲು ಯಾವ ಅರಮನೆಯಲ್ಲಿದೆ, ತೂಗುವವರು ಬೇಡ, ಹಾಡುವವರು ಬೇಡ, ಎಲ್ಲವನ್ನೂ ಹಳ್ಳವೇ ಮಾಡುತ್ತದೆ ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ನಡುಹಳ್ಳಕ್ಕೆ ಬಂದಾಗ ನೀರಿನ ಸದ್ದು ಬದಲಾದದ್ದು ನನಗೆ ಕೇಳಿಸಿತು. ಅದುವರೆಗೆ ಗೊಣಗುತ್ತಿದ್ದದ್ದು ಒಮ್ಮೆಲೆ ಬಾಯಿ ಮುಚ್ಚಿಕೊಂಡ ಹಾಗೆ. ನೋಡನೋಡುತ್ತ ದಂಡೆಯ ಹುಲ್ಲು ಮುಳುಗಿತು.

ಬೇರುಸಹಿತ ಕಿತ್ತ ಒಂದು ಜಾಲಿ ಗಿಡ ನೀರೊಳಗೆ ಬರುತ್ತಿತ್ತು. ಅದು ಕಂಡಾಗ ಬಹಳ ಹತ್ತಿರ ಬಂದಿತ್ತು. ದೋಣಿಯ ಪಕ್ಕೆಗೆ ಗುದ್ದಿ ಅಲ್ಲೇ ಒತ್ತಿ ನಿಂತಿತು. ದೋಣಿ ಇನ್ನೊಂದು ಬದಿಗೆ ವಾಲಿತು. ವಾಲಿದ ಕೂಡಲೆ ಮೇಲೆ ತೂಗಿದ್ದ ಟ್ರಂಕು, ಕೊಡ, ಬುಟ್ಟಿ, ಗಂಟು, ಕಂದೀಲು, ಕೊಡಲಿ ಎಲ್ಲವೂ ಒಟ್ಟಿಗೆ ಅದೇ ಬದಿಗೆ ಜೋಲಿ ಹೊಡೆದವು. ದೋಣಿ ಇನ್ನಷ್ಟು ವಾಲಿತು. ಅಂಚಿನ ಮೇಲಿನಿಂದ ನೀರು ಸದ್ದಿಲ್ಲದೆ ಒಳಗೆ ಹೊರಳಿತು.

ಆ ನೋಟ ನನ್ನ ಕಣ್ಣಿನಿಂದ ಹೋಗುವುದಿಲ್ಲ. ನಾವೆಲ್ಲ ಓರೆಯಾಗಿದ್ದೆವು. ದೋಣಿ ಓರೆ, ಗೂಟ ಓರೆ, ದಂಡೆಯೇ ಓರೆಯಾಗಿ ಕಾಣುತ್ತಿತ್ತು. ತೊಟ್ಟಿಲೊಂದೇ ನೆಟ್ಟಗೆ ತೂಗುತ್ತಿತ್ತು. ಅದರೊಳಗೆ ಕೂಸು, ಏನೂ ಆಗದವರ ಹಾಗೆ, ತನ್ನ ಬೆರಳು ಚೀಪುತ್ತಿತ್ತು. ತೊಟ್ಟಿಲ ತಳಕ್ಕೂ ನೀರಿಗೂ ನಡುವೆ ಒಂದು ಗೇಣು ಇದ್ದಿರಬಹುದು.

ಕಾಕಾ ಕೂಗಲಿಲ್ಲ. "ತಮ್ಮಾ, ಹಗ್ಗ ಬಿಡಬ್ಯಾಡ," ಎಂದರು ಅಷ್ಟೇ. ಆಮೇಲೆ ಗಳಕ್ಕೆ ಕೈ ಹಾಕಿದರು. ಟ್ರಂಕಿನ ಕೊಕ್ಕೆಯನ್ನು ತುಸು ಎತ್ತಿ ಬಿಟ್ಟರು. ಟ್ರಂಕು ನೀರಿಗೆ ಬಿತ್ತು. ಹಿತ್ತಾಳೆ ಕೊಡ. ಬುಟ್ಟಿ. ಸೀರೆಯ ಗಂಟು. ಕೊಡಲಿ. ಹಗ್ಗದ ಸುರುಳಿ. ಎತ್ತುವುದು, ಬಿಡುವುದು. ಯಾವುದಕ್ಕೂ ಗಂಟು ಇರಲಿಲ್ಲ, ಬಿಚ್ಚುವ ಹೊತ್ತು ಬೇಕಾಗಲಿಲ್ಲ. ಕಟ್ಟಿದ್ದರೆ? ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಹಾಗೆಯೇ ಅದರ ಬೆನ್ನಿಗೆ ಬರುವ ಇನ್ನೊಂದು ಪ್ರಶ್ನೆಯನ್ನೂ: ತೂಗುಹಾಕದೇ ಇದ್ದಿದ್ದರೆ? ಕೊಕ್ಕೆಗಳೇ ನಮ್ಮನ್ನು ಮುಳುಗಿಸಲು ಬಂದವು, ಕೊಕ್ಕೆಗಳೇ ಬಿಟ್ಟುಕೊಟ್ಟವು. ಬಿ.ಎಸ್ಸಿ.ಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಒಂದೊಂದು ಸಾಮಾನು ಬಿದ್ದಂತೆ ದೋಣಿ ಚೂರು ಚೂರು ಎದ್ದಿತು. ಜಾಲಿ ಗಿಡ ಕೆರೆಯುತ್ತ ಸರಿದು ಕೆಳಗೆ ಹೋಯಿತು. ಬದುಕಿದೆವು ಎಂದುಕೊಳ್ಳುವಷ್ಟರಲ್ಲಿ ಮುಂದಿನ ಗೂಟ ಚಟ್ ಎಂದು ಸೀಳಿತು. ಗಳ ಕುಸಿಯಿತು. ತೊಟ್ಟಿಲಿನ ತಲೆಯ ಕಡೆ ಕೆಳಗಿಳಿಯಿತು, ಕೂಸು ಆ ಕಡೆಗೆ ಜಾರಿತು.

ಕಾಕಾನ ಎಡಗೈ ಯಾವಾಗ ಅಲ್ಲಿಗೆ ಹೋಯಿತೋ ನಾನು ನೋಡಲಿಲ್ಲ. ನೋಡಿದಾಗ ಅವರು ತೊಟ್ಟಿಲಿನ ಅಂಚನ್ನು ಹಿಡಿದು, ಸೀಳಿದ ಗೂಟಕ್ಕೆ ಬೆನ್ನು ಕೊಟ್ಟು, ಕಾಲಗಲಿಸಿ ನಿಂತಿದ್ದರು. ತಂಗಿ ಕೂಸಿಗೆ ಕೈಚಾಚಿ ಏಳಹೋದಳು.

"ಏಳಬ್ಯಾಡ ಯವ್ವಾ. ನೀ ಎದ್ದರ ಮಗಚತೈತಿ. ನೀರು ಹೊರಗ ಹಾಕು."

ತಾಯಿಯಾದವಳಿಗೆ ಆ ಮಾತು ಕೇಳುವುದು ಎಷ್ಟು ಕಷ್ಟವೆಂದು ನನಗೇನು ಗೊತ್ತು. ಅವಳು ಕೇಳಿದಳು. ಗಳದಲ್ಲಿ ಇನ್ನೂ ತೂಗುತ್ತಿದ್ದ ತಂಬಿಗೆಯನ್ನು ಎಳೆದುಕೊಂಡು, ಕಣ್ಣನ್ನು ತೊಟ್ಟಿಲಿನಿಂದ ಕೀಳದೆ, ತಳದ ನೀರನ್ನು ಗೋರಿ ಗೋರಿ ಹೊರಗೆ ಚೆಲ್ಲಿದಳು. ನಾನು ಹಗ್ಗ ಜಗ್ಗಿದೆ. ಅಂಗೈಯ ಚರ್ಮ ಹಗ್ಗಕ್ಕೆ ಹತ್ತಿಕೊಂಡು ಹೋಗುತ್ತಿರುವುದು ಗೊತ್ತಾಗುತ್ತಿತ್ತು, ಆದರೆ ನೋವು ನನ್ನದು ಅನಿಸುತ್ತಿರಲಿಲ್ಲ.  ಕೂಸು ಏನೋ ಗುರ್ ಗುರ್ ಎನ್ನುತ್ತ ಅಜ್ಜನ ಮುಖ ನೋಡುತ್ತಿತ್ತು. ಕಾಕಾನ ತೋಳಿನ ನರಗಳು ಉಬ್ಬಿ ನಡುಗುತ್ತಿದ್ದವು. ಅಷ್ಟಾದರೂ ತೊಟ್ಟಿಲು ಅಲುಗಾಡಲಿಲ್ಲ.

ದಂಡೆ ಹತ್ತಿರವಾದಂತೆ ಬೀಗರು ರುಮಾಲು ಕಳಚಿ ಬಂಡಿಗೆಸೆದು ಎದೆಮಟ್ಟದ ನೀರಿಗೆ ಇಳಿದು ಬಂದರು. ಅವರ ಹಿಂದೆ ನಾಲ್ಕಾರು ಮಂದಿ. ಎಲ್ಲರೂ ಸೇರಿ ದೋಣಿಯನ್ನು ಎಳೆದು ಕೆಸರಿಗೆ ಹತ್ತಿಸಿದರು. ಬೀಗರೇ ಕೂಸನ್ನು ತೊಟ್ಟಿಲಿನಿಂದ ಎತ್ತಿ ತಂಗಿಯ ಮಡಿಲಿಗೆ ಕೊಟ್ಟರು. ಅಲ್ಲಿಯವರೆಗೆ ಸುಮ್ಮನಿದ್ದ ಕೂಸು ಆಗ ಚೀರಿತು. ಅದಕ್ಕೆ ಹಸಿವಾಗಿತ್ತು, ಅಷ್ಟೇ. ನಾನು ದಂಡೆಯ ಕೆಸರಿನಲ್ಲಿ ಕುಳಿತುಬಿಟ್ಟೆ. ಆಗ ನನಗೆ ನಗು ಬಂತು. ಯಾಕೆ ಬಂತೋ ತಿಳಿಯದು, ನಿಲ್ಲಿಸಲು ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಯಾರೋ, ಕಾಕಾ ಎಲ್ಲಿ ಎಂದರು.

ಕಾಕಾ ದೋಣಿಯಲ್ಲೇ ಇದ್ದರು. ಹೇಗೆ ನಿಂತಿದ್ದರೋ ಹಾಗೆಯೇ. ಎಡಗೈ ತೊಟ್ಟಿಲಿನ ಅಂಚನ್ನು ಹಿಡಿದಿತ್ತು. ಬೀಗರು ಬರ್ರಿ ಬರ್ರಿ ಎಂದು ಕರೆದರು. ಅವರು ತಲೆಯೆತ್ತಲಿಲ್ಲ. ಆ ಕೈ ಬೇರೆ ಯಾರದೋ ಎಂಬಂತೆ ಅದನ್ನೇ ನೋಡುತ್ತಿದ್ದರು.

ತಂಗಿ ಕೂಸನ್ನು ಮಾವನ ಕೈಗೆ ಕೊಟ್ಟು ತಿರುಗಿ ಕೆಸರಿಗಿಳಿದಳು. ದೋಣಿಗೆ ಹತ್ತಿ ಅಪ್ಪನ ಬಾಜೂ ನಿಂತಳು.

"ಅಪ್ಪಾ, ಬಿಡು. ಕೂಸು ದಂಡಿಗೈತಿ."

"ಬಿಡಾಕ ಬರವಲ್ದವಾ," ಅಂದರು ಕಾಕಾ. ಇಷ್ಟು ಸಣ್ಣ ದನಿ ಅವರದೆಂದು ನನಗೆ ಗೊತ್ತಿರಲಿಲ್ಲ.

ಅವಳು ಆ ಕೈಯ ಮೇಲೆ ಬಾಗಿದಳು. ಹಾಲುಗೂಸು ತಾಯಿಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದಾಗ ಬಿಡಿಸುತ್ತಾರಲ್ಲ, ಹಾಗೆ, ಕಿರುಬೆರಳಿನಿಂದ ಹಿಡಿದು ಒಂದೊಂದಾಗಿ ಅವರ ಬೆರಳುಗಳನ್ನು ಬಿಡಿಸಿದಳು. ಬಿಡಿಸಿದ ಬೆರಳು ಮತ್ತೆ ಮಡಚಿಕೊಳ್ಳದಂತೆ ತನ್ನ ಬೆರಳನ್ನು ಅದರೊಳಗೆ ಇಡುತ್ತ ಹೋದಳು. ಹೆಬ್ಬೆರಳೂ ಬಿಟ್ಟ ಮೇಲೆ ಆ ಕೈ ಅವಳ ಕೈಯಲ್ಲೇ ಉಳಿಯಿತು. ಅದನ್ನು ಕೆಳಗೆ ಬಿಡದೆ, ಸೆರಗಿನಿಂದ ಒರೆಸಿ, ಹಾಗೆಯೇ ಹಿಡಿದುಕೊಂಡು ಅಪ್ಪನನ್ನು ದಂಡೆ ಹತ್ತಿಸಿದಳು.